ಮನೆಯಲ್ಲೇ ಮ್ಯಾಚ್ ನೋಡೋದು: ಕಲಬುರಗಿ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಐಪಿಎಲ್ ಶುರುವಾಯಿತೆಂದರೆ ನಮ್ಮ ಮನೆಯ ಪಡಸಾಲೆ ನಮ್ಮದಾಗಿ ಉಳಿಯುವುದಿಲ್ಲ. ದೊಡ್ಡ ಮ್ಯಾಚ್ ಇದ್ದ ದಿನ ಓಣಿಯ ಅರ್ಧ ಮಂದಿ ಅಲ್ಲೇ. ಹಾಗಾಗಿ ತಮ್ಮ ಮನೆಗೂ ಮಂದಿ ಕರೆಯಬೇಕು ಅನ್ನುವ ಗೆಳೆಯರು, ಬೀಗರು ನನ್ನನ್ನೇ ಕೇಳುತ್ತಾರೆ. ಕೇಳುವುದೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಮೊದಲು ಒಂದು ತಪ್ಪೊಪ್ಪಿಗೆ. 2025ರ ಜೂನ್ 3ರ ಫೈನಲ್. ಆರ್‌ಸಿಬಿ 190 ಹೊಡೆದಿತ್ತು. ಕೊನೇ ಓವರಿಗೆ ಪಂಜಾಬಿಗೆ 29 ಬೇಕು. ಹೇಜಲ್‌ವುಡ್ ಮೊದಲ ಎರಡು ಚೆಂಡಿಗೆ ಒಂದು ರನ್ನೂ ಕೊಡಲಿಲ್ಲ. ಅಲ್ಲಿಗೆ ಮುಗಿದ ಹಾಗೇ. ಪಡಸಾಲೆಯಲ್ಲಿ ಹದಿನೈದು ಮಂದಿ ಕುಣಿಯುತ್ತಿದ್ದೆವು. ಅವ್ವ ಅಡುಗೆಮನೆಯಲ್ಲಿ ಎರಡನೇ ಸುತ್ತಿನ ಮಿರ್ಚಿ ಕರಿಯುತ್ತಿದ್ದಳು. 2008ರಿಂದ ಒಂದು ವರ್ಷವೂ ಬಿಡದೆ ಆರ್‌ಸಿಬಿ ನೋಡಿದವಳು ಆಕೆ. "ಏನಾತಪ್ಪಾ? ಗೆದ್ದರೇನು?" ಅಂತ ಝಾರಾ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಷ್ಟರಲ್ಲಿ ಕೊಹ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಹದಿನೆಂಟು ವರ್ಷ ಕಾದದ್ದು ಆಕೆಯ ಬೆನ್ನ ಹಿಂದೆ ಆಗಿಹೋಯಿತು. ಮಂದಿ ಕರೆದವನು ನಾನು. ಮಿರ್ಚಿ ಕೇಳಿದವನೂ ನಾನು. ಕೆಳಗಿನ ಉತ್ತರಗಳಲ್ಲಿ ಅರ್ಧ ಆ ರಾತ್ರಿ ಕಲಿತದ್ದು.

ಎಷ್ಟು ಮಂದಿಯನ್ನು ಕರೆಯಬೇಕು?

ಟಿವಿ ಕಾಣಿಸುವಷ್ಟು ಮಂದಿಯನ್ನು. 43 ಇಂಚಿನ ಟಿವಿಗೆ ಹತ್ತು ಹನ್ನೆರಡು ಜನ ಸರಿ. ಅದಕ್ಕಿಂತ ಜಾಸ್ತಿ ಆದರೆ ಹಿಂದೆ ಕೂತವರಿಗೆ ಸ್ಕೋರು ಓದಲು ಬರುವುದಿಲ್ಲ. "ಎಷ್ಟಾತು, ಎಷ್ಟಾತು" ಶುರುವಾಗುತ್ತದೆ.

ನಮ್ಮ ಕಡೆ ಇನ್ನೊಂದು ತೊಡಕಿದೆ. "ಮನಿ ಮಂದಿ ಎಲ್ಲಾ ಬರ್ರಿ" ಅನ್ನದೆ ಕರೆದರೆ ಅದು ಕರೆದ ಹಾಗೇ ಅಲ್ಲ. ಆರು ಜನಕ್ಕೆ ಹೇಳಿದರೆ ಹದಿನಾಲ್ಕು ಜನ ಬರುತ್ತಾರೆ. ಅದನ್ನೇ ಲೆಕ್ಕಕ್ಕೆ ಹಿಡಿಯಿರಿ. ಸೋಫಾ ಗೋಡೆಗೆ ಸರಿಸಿ, ಜಮಖಾನ ಹಾಸಿ. ಹುಡುಗರು ಮುಂದೆ ನೆಲದ ಮೇಲೆ, ಹಿರಿಯರು ಹಿಂದೆ ಕುರ್ಚಿಯ ಮೇಲೆ. ಮೊಣಕಾಲು ನೋವಿರುವವರಿಗೆ ಬಾಗಿಲ ಪಕ್ಕದ ಜಾಗ ಕೊಡಿ, ಎದ್ದು ಹೋಗಿ ಬರಲು ಸಲೀಸು.

ಟಿವಿಯನ್ನು ಅಡುಗೆಮನೆ ಬಾಗಿಲಿನಿಂದಲೂ ಕಾಣುವ ಹಾಗೆ ತಿರುಗಿಸಲು ಆಗುತ್ತದಾ ನೋಡಿ. ನಮ್ಮಲ್ಲಿ ಒಂದೂವರೆ ಮೊಳ ಸರಿಸಿದ್ದಕ್ಕೆ ಆಯಿತು. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಎಷ್ಟು ಗಂಟೆಗೆ ಬನ್ನಿ ಅಂತ ಹೇಳಬೇಕು?

ರಾತ್ರಿ ಮ್ಯಾಚಿಗೆ 7ಕ್ಕೆ ಟಾಸ್, 7:30ಕ್ಕೆ ಮೊದಲ ಚೆಂಡು. ನೀವು 6:45 ಅನ್ನಿ. ನಮ್ಮ ಮಂದಿ 7:20ಕ್ಕೆ ಬರುತ್ತಾರೆ.

ಮುಗಿಯುವುದು ಹನ್ನೊಂದು, ಹನ್ನೊಂದೂವರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬಿಸಿಲಿನ ಕಾರಣ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಅಂದರೆ ನೌಕರಿಯವರು ಮಧ್ಯಾಹ್ನ ಮನೆಗೆ ಬಂದು ನಿದ್ದೆ ಮುಗಿಸಿ ಹುರುಪಾಗಿ ಬರುತ್ತಾರೆ. ಆದರೆ ಮರುದಿನ 8ಕ್ಕೆ ಕುರ್ಚಿಯಲ್ಲಿ ಇರಬೇಕು. ಹದಿನೈದನೇ ಓವರಿಗೆ ಯಾರಾದರೂ ಎದ್ದು ಹೊರಟರೆ "ಕುಂದರ್ರಿ, ಕುಂದರ್ರಿ" ಅಂತ ಜುಲುಮೆ ಮಾಡಬೇಡಿ. ಅದಕ್ಕೇ ಊಟವನ್ನು ಮ್ಯಾಚ್ ಮುಗಿದ ಮೇಲೆ ಇಡಬಾರದು. ಎರಡು ಇನಿಂಗ್ಸ್ ನಡುವೆ ಸುಮಾರು 20 ನಿಮಿಷ ಬಿಡುವಿರುತ್ತದೆ. ಊಟ ಅಲ್ಲೇ ಮುಗಿಯಲಿ.

ಶನಿವಾರ, ಭಾನುವಾರದ 3:30ರ ಮ್ಯಾಚಿಗೆ ಮಂದಿ ಕರೆಯುವ ಉಸಾಬರಿ ನಾನು ಮಾಡುವುದಿಲ್ಲ. 42 ಡಿಗ್ರಿ ಬಿಸಿಲಲ್ಲಿ ಸ್ಕೂಟರ್ ಮೇಲೆ ಬಂದವರು ಮ್ಯಾಚ್ ನೋಡುವುದಿಲ್ಲ, ಮಲಗುತ್ತಾರೆ.

ಸೆಕೆಗೆ ಏನು ಮಾಡೋದು? ನಮ್ಮಲ್ಲಿ ಎಸಿ ಇಲ್ಲ.

ಬೇಡ. ಕೂಲರ್ ಸಾಕು, ಆದರೆ ಬಳಸುವ ರೀತಿ ಗೊತ್ತಿರಬೇಕು. ಕೂಲರ್ ತಂಪು ಕೊಡುವುದು ನೀರು ಆವಿಯಾಗುವುದರಿಂದ. ಗಾಳಿ ಒಣಗಿದ್ದಷ್ಟೂ ನೀರು ಬೇಗ ಆವಿಯಾಗುತ್ತದೆ, ಅಷ್ಟೂ ತಂಪು. ನಮ್ಮೂರ ಬೇಸಿಗೆ ಗಾಳಿ ಸೌದೆಯ ಹಾಗೆ ಒಣಗಿರುತ್ತದೆ. ಹಾಗಾಗಿ ಮಂಗಳೂರಲ್ಲಿ ಸುಮ್ನೆ ತಿರುಗುವ ಕೂಲರ್ ಇಲ್ಲಿ ಕೆಲಸ ಮಾಡುತ್ತದೆ.

ಎಲ್ಲರೂ ಮಾಡುವ ತಪ್ಪು ಒಂದೇ. ತಂಪು ಹೊರಗೆ ಹೋಗಬಾರದು ಅಂತ ಕಿಟಕಿ, ಬಾಗಿಲು ಮುಚ್ಚುತ್ತಾರೆ. ಹದಿನೈದು ಮಂದಿಯ ಉಸಿರು, ಬೆವರು, ಕೂಲರಿನ ತೇವ ಎಲ್ಲಾ ಒಳಗೇ ಉಳಿದು ಅರ್ಧ ಗಂಟೆಯಲ್ಲಿ ಕೋಣೆ ಇಡ್ಲಿ ಪಾತ್ರೆ ಆಗುತ್ತದೆ. ಕೂಲರ್ ಕಿಟಕಿಗೆ ಇಡಿ, ಹೊರಗಿನ ಗಾಳಿ ಎಳೆಯಲಿ. ಎದುರಿನ ಕಿಟಕಿ ತೆರೆದಿರಲಿ.

ಕುಡಿಯುವ ನೀರು ತಲೆಗೆ ಒಂದು ಲೀಟರಿನಂತೆ ಹಿಡಿಯಿರಿ. ಮಣ್ಣಿನ ಗಡಿಗೆ ಒಂದು ಮೂಲೆಯಲ್ಲಿ, ಲೋಟ ಅದರ ಮೇಲೆ. ಯಾರೂ ಯಾರನ್ನೂ "ನೀರು ಕೊಡ್ರೀ" ಅಂತ ಕೇಳಬಾರದು. ಇದು ನಮ್ಮ ಮನೆಯ ಕಟ್ಟಳೆ. ಒಂದು ಮ್ಯಾಚಿಗೆ ಅಡುಗೆಮನೆಗೆ ಬರುವ ಕೂಗುಗಳನ್ನು ಎಣಿಸಿ ನೋಡಿ. ಮುಕ್ಕಾಲು ಪಾಲು ನೀರಿಗೇ.

ಮಾಳಿಗೆ ಮೇಲೆ ಪ್ರೊಜೆಕ್ಟರ್ ಹಾಕಿದರೆ ಹೇಗೆ?

ಚಂದ ಇರುತ್ತದೆ. ಆದರೆ ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ 6:40ರ ಸುಮಾರಿಗೆ. ಬೆಳಕು ಪೂರ್ತಿ ಹೋಗುವವರೆಗೆ ಪರದೆ ಮೇಲೆ ಏನೂ ಕಾಣದು. ಟಾಸ್ ಹೊತ್ತಿಗೆ ಮಸುಕು ಅಂತಲೇ ತಿಳಿಯಿರಿ. ದಿನವಿಡೀ ಕಾದ ಸ್ಲ್ಯಾಬ್ ರಾತ್ರಿಯವರೆಗೂ ಬಿಸಿ ಉಗುಳುತ್ತದೆ. ಐದೂವರೆಗೆ ನಾಲ್ಕು ಬಕೆಟ್ ನೀರು ಚೆಲ್ಲಿ, ಆರೂವರೆಗೆ ಮತ್ತೆರಡು. ನೀರಿನ ತೊಂದರೆ ಇರುವ ಓಣಿಯಾದರೆ ಈ ಆಸೆಯೇ ಬೇಡ.

ಮೇ ತಿಂಗಳ ಗಾಳಿ ನಂಬುವ ಹಾಗಿಲ್ಲ. ಒಮ್ಮೆ ಸಂಜೆ ಇದ್ದಕ್ಕಿದ್ದಂತೆ ಬೀಸಿ, ನಾವು ಪರದೆ ಅಂತ ಕಟ್ಟಿದ್ದ ಬಿಳಿ ಚಾದರ ಮೂರನೇ ಮನೆಯ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತ್ತು. ಮೇಲೆ ಕೆಳಗೆ ಎರಡೂ ಕಡೆ ತಂತಿ ಕಟ್ಟಿ.

ಮ್ಯಾಚ್ ನಡುವೆ ಕರೆಂಟ್ ಹೋದರೆ?

ಹೋಗುತ್ತದೆ ಅಂತಲೇ ತಯಾರಿ ಮಾಡಿ. ಇನ್ವರ್ಟರ್ ಇದ್ದರೆ ಲೆಕ್ಕ ಸುಲಭ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್ ಅವರ್. ಅದರಲ್ಲಿ ಕೈಗೆ ಸಿಗುವುದು ಸುಮಾರು 1,200. ಎಲ್‌ಇಡಿ ಟಿವಿ 100 ವ್ಯಾಟ್, ಹಳೆಯ ಥರದ ಎರಡು ಫ್ಯಾನು 150, ಸೆಟ್ ಟಾಪ್ ಬಾಕ್ಸ್, ರೂಟರ್, ಒಂದು ಬಲ್ಬು ಸೇರಿ 50. ಒಟ್ಟು 300. ನಾಲ್ಕು ತಾಸು ಬರುತ್ತದೆ, ಅಂದರೆ ಇಡೀ ಮ್ಯಾಚ್. ಆದರೆ ಬ್ಯಾಟರಿಗೆ ಮೂರ್ನಾಲ್ಕು ವರ್ಷ ಆಗಿದ್ದರೆ ಅರ್ಧಕ್ಕೆ ಇಳಿಸಿ. ಕೂಲರಿಗೆ ಇನ್ನೂ 150ರಿಂದ 200 ವ್ಯಾಟ್ ಬೇಕು. ಕೂಲರಾ, ಕೊನೇ ಐದು ಓವರಾ ಅಂತ ಕೇಳಿದರೆ ಉತ್ತರ ಎಲ್ಲರಿಗೂ ಗೊತ್ತು.

ಬೆಳಿಗ್ಗೆಯೇ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಇದೆಯಾ ನೋಡಿ. ಕರೆಂಟ್ ಹೋದರೆ ವಿದ್ಯುತ್ ದೂರಿನ ನಂಬರ್ 1912ಕ್ಕೆ ಒಬ್ಬರು ಫೋನ್ ಹಚ್ಚಲಿ, ಹದಿನೈದೂ ಜನ ಬೇಡ.

ಪಕ್ಕದ ಮನೆಯವರು ನಮಗಿಂತ ಮೊದಲೇ "ಔಟ್" ಅಂತ ಕೂಗ್ತಾರೆ. ಯಾಕೆ?

ಅವರು ಡಿಶ್ ಅಥವಾ ಕೇಬಲ್‌ನಲ್ಲಿ ನೋಡುತ್ತಿದ್ದಾರೆ, ನೀವು ಇಂಟರ್ನೆಟ್ಟಿನಲ್ಲಿ. ಆ್ಯಪ್‌ನಲ್ಲಿ ವಿಡಿಯೋ ಸಣ್ಣ ಸಣ್ಣ ತುಂಡಾಗಿ ಬರುತ್ತದೆ. ನಿಲ್ಲದೆ ಓಡಲಿ ಅಂತ ಮುಂದಿನ ತುಂಡುಗಳನ್ನು ಕೂಡಿಟ್ಟುಕೊಂಡು ತೋರಿಸುತ್ತದೆ. ಅಷ್ಟರಲ್ಲಿ ಹತ್ತಿಪ್ಪತ್ತು ಸೆಕೆಂಡು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಂದೆ ಬಿದ್ದಿರುತ್ತೀರಿ. ಕೊನೇ ಓವರಿನಲ್ಲಿ ಇದರಷ್ಟು ಹಿಂಸೆ ಇನ್ನೊಂದಿಲ್ಲ.

ಮಂದಿ ಕರೆದ ದಿನ ನಾನು ಡಿಶ್‌ನಲ್ಲೇ ಹಾಕುತ್ತೇನೆ, ಕನ್ನಡ ಕಾಮೆಂಟರಿ ಚಾನೆಲ್ಲಿನಲ್ಲಿ. ಜೋರು ಮಳೆ ಬಂದರೆ ಡಿಶ್ ಸಿಗ್ನಲ್ ಹೋಗುತ್ತದೆ. ಆಗಿನ ಆಸರೆಗೆ ಫೋನಿನಲ್ಲಿ ಆ್ಯಪ್ ತೆರೆದಿಟ್ಟಿರುತ್ತೇನೆ. ಎಚ್‌ಡಿಯಲ್ಲಿ ಗಂಟೆಗೆ ಎರಡು ಜಿಬಿ ಆಸುಪಾಸು ಡೇಟಾ ಹೋಗುತ್ತದೆ. ದಿನಕ್ಕೆ ಎರಡು ಜಿಬಿಯ ಪ್ಯಾಕ್ ನಂಬಿ ಕೂತರೆ ಮೊದಲ ಇನಿಂಗ್ಸೂ ಮುಗಿಯುವುದಿಲ್ಲ. ಫೋನನ್ನು ಟಿವಿಗೆ ಜೋಡಿಸುವುದಾದರೆ ವೈರ್ ಇಲ್ಲದ ಕಾಸ್ಟಿಂಗ್‌ಗಿಂತ ಎಚ್‌ಡಿಎಂಐ ಕೇಬಲ್ ಒಳ್ಳೆಯದು.

ಇನ್ನೊಂದು ಮಾತು. ಮಂದಿ ನಡುವೆ ಕೂತು ಮೊಬೈಲಿನಲ್ಲಿ ಸ್ಕೋರು ನೋಡಿ ಮೊದಲೇ ಬಾಯಿ ಬಿಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ಅದು ನಮ್ಮ ಮಾಮಾ. ಅವರ ಫೋನು ಈಗ ಫ್ರಿಜ್ ಮೇಲೆ ಇರುತ್ತದೆ.

ತಿನ್ನೋಕೆ ಏನು ಮಾಡಿಸಬೇಕು?

ಪ್ರಶ್ನೆಯಲ್ಲೇ ತಪ್ಪಿದೆ. ಮಾಡಿಸಬೇಕು ಅಂದರೆ ಯಾರಿಂದ? 7:30ರ ಒಳಗೆ ಮುಗಿಯದ ಅಡುಗೆ ಮ್ಯಾಚಿನ ದಿನ ಬೇಡವೇ ಬೇಡ.

ಎಲ್ಲಕ್ಕಿಂತ ಸುಲಭ ನಮ್ಮದೇ ಕಡಕ್ ರೊಟ್ಟಿ. ಜೋಳದ್ದು, ಸಜ್ಜೆಯದ್ದು ಎರಡೂ ತರಿಸಿ. ಶೇಂಗಾ ಹಿಂಡಿ, ಗಟ್ಟಿ ಮೊಸರು, ಸೌತೆಕಾಯಿ, ಉಳ್ಳಾಗಡ್ಡಿ, ಬೆಳಿಗ್ಗೆಯೇ ಮಾಡಿಟ್ಟ ಪುಂಡಿ ಪಲ್ಯ. ಒಲೆ ಹಚ್ಚುವ ಮಾತೇ ಇಲ್ಲ. ರೊಟ್ಟಿ ಬಡಿಯುವುದು ಯಾರಿಗೂ ಹೊರೆಯಾಗದಿರಲಿ. ನಮ್ಮ ಜಿಲ್ಲೆಯ ಮಹಿಳಾ ಸಂಘಗಳು ಮಾಡಿದ್ದು 'ಕಲಬುರಗಿ ರೊಟ್ಟಿ' ಹೆಸರಿನಲ್ಲೇ ಸಿಗುತ್ತದೆ. ಒಂದೇ ಕೊರತೆ ಅಂದರೆ ಹದಿನೈದು ಮಂದಿ ಒಟ್ಟಿಗೆ ಕಡಕ್ ರೊಟ್ಟಿ ಮುರಿದರೆ ಕಾಮೆಂಟರಿ ಕೇಳಿಸುವುದಿಲ್ಲ.

ಬಿಸಿ ಬೇಕೇ ಬೇಕು ಅನ್ನುವವರಿಗೆ ತಹರಿ, ಅಂದರೆ ತರಕಾರಿ ಹಾಕಿದ ಮಸಾಲೆ ಅನ್ನ. ಹನ್ನೆರಡು ಮಂದಿಗೆ ಒಂದೂಕಾಲು ಕಿಲೋ ಅಕ್ಕಿ, ಆಲೂಗಡ್ಡೆ, ಬಟಾಣಿ, ಟೊಮೆಟೊ. ಏಳರ ಹೊತ್ತಿಗೆ ಇಳಿಸಿ ಹಾಟ್‌ಬಾಕ್ಸಿಗೆ ತುಂಬಿ. ಒಂಬತ್ತಕ್ಕೆ ತೆಗೆದರೂ ಬಿಸಿ ಇರುತ್ತದೆ. ಮೊಸರು ಬಜ್ಜಿ ಮಾತ್ರ ಬಡಿಸುವವರೆಗೂ ಫ್ರಿಜ್ಜಿನಲ್ಲೇ ಇರಲಿ. ಈ ಬಿಸಿಲಿಗೆ ಒಂದು ತಾಸು ಹೊರಗಿಟ್ಟರೆ ಹುಳಿ ಬರುತ್ತದೆ.

ನನಗೆ ಇಷ್ಟ ಸುಸಲಾ. ಹನ್ನೆರಡು ಮಂದಿಗೆ ಮುಕ್ಕಾಲು ಕಿಲೋ ಚುರುಮುರಿ. ಉಳ್ಳಾಗಡ್ಡಿ, ಹಸಿಮೆಣಸು, ಕರಿಬೇವು, ಶೇಂಗಾ, ಅರಿಶಿನ ಹಾಕಿದ ಒಗ್ಗರಣೆ ಸಂಜೆ ಆರಕ್ಕೇ ಮಾಡಿಡಿ. ಇನಿಂಗ್ಸ್ ನಡುವಿನ ಬಿಡುವಿನಲ್ಲಿ ಚುರುಮುರಿಯನ್ನು ನೀರಿಗೆ ಹಾಕಿ ಕೂಡಲೇ ಹಿಂಡಿ, ಒಗ್ಗರಣೆಗೆ ಬೆರೆಸಿ, ಪುಟಾಣಿ ಹಿಟ್ಟು ಉದುರಿಸಿ, ನಿಂಬೆ ಹಿಂಡಿ. ನೀರಿನಲ್ಲಿ ಜಾಸ್ತಿ ಬಿಟ್ಟರೆ ಮುದ್ದೆಯಾಗುತ್ತದೆ, ಮೇಲಿನ ಪುಟಾಣಿ ಹಿಟ್ಟೂ ಉಳಿಸುವುದಿಲ್ಲ. ಹಿಂಡುವ ಕೆಲಸ ಈಗ ನಮ್ಮ ಕಾಕಾಂದು. ಅರವತ್ತು ವರ್ಷದಲ್ಲಿ ಅವರು ಮಾಡಿದ ಮೊದಲ ಅಡುಗೆ ಅಂತ ಕಾಕಿ ಎಲ್ಲರೆದುರೂ ಹೇಳುತ್ತಾರೆ.

ಮಿರ್ಚಿ ಭಜಿ ಇಲ್ಲದೆ ಮ್ಯಾಚಾ?

ನಾನೂ ಹೀಗೇ ಅನ್ನುತ್ತಿದ್ದೆ. ಇರಲಿ, ಆದರೆ ಕರಿಯುವುದು 6:45ರಿಂದ 7:25ರ ಒಳಗೆ. ತಲೆಗೆ ಮೂರು. ಹನ್ನೆರಡು ಮಂದಿಗೆ ಮೂವತ್ತಾರು ಮೆಣಸಿನಕಾಯಿ, ಆರುನೂರು ಗ್ರಾಂ ಕಡಲೆ ಹಿಟ್ಟು. ಅಥವಾ ಓಣಿ ತುದಿಯ ಗಾಡಿಯವರಿಗೆ ಮಧ್ಯಾಹ್ನವೇ ಹೇಳಿಡಿ. ಮೊದಲ ಚೆಂಡು ಬಿದ್ದಮೇಲೆ ಎಣ್ಣೆ ಕಡಾಯಿ ಕೆಳಗೆ. ಆಮೇಲೆ ಯಾರಿಗಾದರೂ ಬಿಸಿ ಮಿರ್ಚಿ ಬೇಕಾದರೆ ಅವರೇ ಎದ್ದು ಹೋಗಿ ತವೆಯ ಮೇಲೆ ಕಾಯಿಸಿಕೊಳ್ಳಲಿ.

ಚಹಾಕ್ಕೆ ಟೈಮ್‌ಔಟ್ ಇದೆ, ಅಂದರೆ ಆಟದ ನಡುವಿನ ಸಣ್ಣ ಬಿಡುವು. ಒಂದೊಂದು ಇನಿಂಗ್ಸಿಗೆ ಎರಡು, ಒಂದೊಂದೂ ಎರಡೂವರೆ ನಿಮಿಷ. ಫೀಲ್ಡಿಂಗ್ ತಂಡದ್ದು 6ರಿಂದ 9ನೇ ಓವರಿನ ನಡುವೆ, ಬ್ಯಾಟಿಂಗ್ ತಂಡದ್ದು 13ರಿಂದ 16ರ ನಡುವೆ. ಚಹಾ ಮೊದಲೇ ಕುದಿಸಿ ಥರ್ಮಾಸಿಗೆ ಹಾಕಿದ್ದರೆ ಹದಿನೈದು ಕಪ್ಪು ಹಂಚಲು ಅಷ್ಟು ಹೊತ್ತು ಸಾಕು. ಹಂಚುವವರ ಸರದಿ ಹಚ್ಚಿ. ನಮ್ಮಲ್ಲಿ ಮೊದಲ ಟೈಮ್‌ಔಟ್ ನನ್ನದು, ಎರಡನೆಯದು ತಮ್ಮನದು.

ಸಸ್ಯಾಹಾರಿಗಳು, ಮಾಂಸಾಹಾರಿಗಳು ಇಬ್ಬರೂ ಇದ್ದರೆ?

ಎಲ್ಲರೂ ತಿನ್ನುವಂಥದ್ದನ್ನೇ ಮಾಡಿ. ನಾಲ್ಕು ತಾಸಿಗೆ ಎರಡು ಬಗೆಯ ಅಡುಗೆ, ಎರಡು ಬಗೆಯ ಪಾತ್ರೆ ಬೇಡ.

ಐಪಿಎಲ್ ಜೊತೆ ರಂಜಾನ್ ಬಂದರೆ ಗಮನವಿರಲಿ. 2025ರಲ್ಲಿ ಮಾರ್ಚ್ 22ಕ್ಕೆ ಐಪಿಎಲ್ ಶುರುವಾದಾಗ ರಂಜಾನ್ ನಡೆದಿತ್ತು. ಎದುರು ಮನೆಯ ಭಾಯಿ ಉಪವಾಸ ಬಿಟ್ಟು ಖರ್ಜೂರದ ಡಬ್ಬಿ ಹಿಡಿದುಕೊಂಡೇ ಬಂದರು. ರಂಜಾನಿನ ರಾತ್ರಿಯ ತರಾವೀಹ್ ನಮಾಜಿಗೆ ಎದ್ದು ಹೋಗಿ ಎರಡನೇ ಇನಿಂಗ್ಸಿಗೆ ವಾಪಸ್. ಅವರ ಜಾಗದಲ್ಲಿ ಯಾರೂ ಕೂರದ ಹಾಗೆ ಅವ್ವ ದಿಂಬು ಇಟ್ಟಿದ್ದಳು.

ನಮ್ಮಲ್ಲಿ ಅರ್ಧ ಮಂದಿ ಆರ್‌ಸಿಬಿ, ಅರ್ಧ ಹೈದರಾಬಾದ್. ಜಗಳ ಆಗಲ್ವಾ?

ಆಗಲಿ ಬಿಡಿ, ಅದೇ ಮಜಾ. ಬೆಂಗಳೂರಿನವರಿಗೆ ಇದು ಅರ್ಥ ಆಗುವುದಿಲ್ಲ. ಕನ್ನಡದವರು ಹೈದರಾಬಾದಿಗೆ ಹೇಗೆ ಚಪ್ಪಾಳೆ ಹೊಡೆಯುತ್ತೀರಿ ಅಂತ ಕೇಳುತ್ತಾರೆ. ಹೈದರಾಬಾದ್ ಇಲ್ಲಿಂದ ಇನ್ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ಬೆಂಗಳೂರು ಆರುನೂರರ ಹತ್ತಿರ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದವರು. ಈಗಲೂ ದವಾಖಾನೆಗೆ, ಮದುವೆ ಬಟ್ಟೆಗೆ, ಮಕ್ಕಳ ನೌಕರಿಗೆ ಅಲ್ಲಿಗೇ ಹೋಗುವ ಮನೆಗಳು ಎಷ್ಟೋ. ಅಲ್ಲಿನ ಉಪ್ಪಲ್ ಸ್ಟೇಡಿಯಂ ಕಂಡವರು ಬೆಂಗಳೂರಿನ ಚಿನ್ನಸ್ವಾಮಿ ಕಂಡವರಿಗಿಂತ ನಮ್ಮ ಓಣಿಯಲ್ಲಿ ಜಾಸ್ತಿ.

ಮತ್ತೆ ಆರ್‌ಸಿಬಿಯನ್ನು ಫೈನಲ್‌ನಲ್ಲಿ ಎರಡು ಸಲ ಅಳಿಸಿದ್ದು ಹೈದರಾಬಾದಿನ ತಂಡಗಳೇ. 2009ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ 143 ಹೊಡೆದಿತ್ತು. ನಾಯಕ ಅನಿಲ್ ಕುಂಬ್ಳೆ 16 ರನ್ನಿಗೆ 4 ವಿಕೆಟ್ ಕಿತ್ತರೂ ಆರ್‌ಸಿಬಿ 6 ರನ್ನಿನಿಂದ ಸೋತಿತು. 2016ರ ಮೇ 29ರಂದು ಬೆಂಗಳೂರಿನಲ್ಲೇ ಸನ್‌ರೈಸರ್ಸ್ 208 ಹೊಡೆಯಿತು. ಗೇಲ್, ಕೊಹ್ಲಿ ಮೊದಲ ವಿಕೆಟ್ಟಿಗೆ 114 ಸೇರಿಸಿದರು. ಆಮೇಲೆ ಕುಸಿದು 8 ರನ್ನಿನ ಸೋಲು. ಆ ರಾತ್ರಿ ನಮ್ಮ ಮನೆಯಲ್ಲಿ ತಹರಿ ಹಾಗೇ ಉಳಿದಿತ್ತು. ಸನ್‌ರೈಸರ್ಸ್ ಕಡೆಯ ನಾಲ್ಕು ಮಂದಿ ಮಾತ್ರ ಎರಡೆರಡು ಸಲ ಬಡಿಸಿಕೊಂಡರು.

ನಮ್ಮ ಏರ್ಪಾಡು ಇಷ್ಟು: ಎರಡು ತಂಡದವರನ್ನು ಬೇರೆ ಬೇರೆ ಕೂರಿಸುವುದಿಲ್ಲ, ಬೆರೆಸಿ ಕೂರಿಸುತ್ತೇವೆ. ಸೋತವರು ತಟ್ಟೆ ತೊಳೆಯಬೇಕು. 2024ರ ಏಪ್ರಿಲ್ 15ರಂದು ಸನ್‌ರೈಸರ್ಸ್ 287 ಹೊಡೆದಾಗ, ಇನಿಂಗ್ಸ್ ಮುಗಿಯುವ ಮೊದಲೇ ನಾನು ತೋಳು ಮಡಿಸಿದ್ದೆ. ಆರ್‌ಸಿಬಿ 262 ಹೊಡೆದು ಆಸೆ ಹುಟ್ಟಿಸಿದ್ದು ಬೇರೆ.

ಕ್ರಿಕೆಟ್ ಗೊತ್ತಿಲ್ಲದವರು ಬಂದರೆ?

ಅವರ ಪಕ್ಕದಲ್ಲಿ ತಾಳ್ಮೆಯ ಒಬ್ಬರನ್ನು ಕೂರಿಸಿ. ಎರಡು ವಿಷಯ ಹೇಳಿದರೆ ಸಾಕು. ಮೊದಲ 6 ಓವರ್ ಪವರ್‌ಪ್ಲೇ, ಆಗ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್, ಅದಕ್ಕೇ ಹೊಡೆತ ಜಾಸ್ತಿ. 2023ರಿಂದ ಇಂಪ್ಯಾಕ್ಟ್ ಪ್ಲೇಯರ್ ಅಂತ ಬಂದಿದೆ, ಆಟದ ನಡುವೆ ಒಬ್ಬನನ್ನು ಕೂರಿಸಿ ಇನ್ನೊಬ್ಬನನ್ನು ಇಳಿಸಬಹುದು. ಉಳಿದದ್ದು ನೋಡುತ್ತಾ ತಿಳಿಯುತ್ತದೆ. ವೈನಿ (ಅತ್ತಿಗೆ) ಬಂದ ಹೊಸತರಲ್ಲಿ ಎಲ್‌ಬಿಡಬ್ಲ್ಯು ಅಂದರೇನು ಅಂತ ಕೇಳುತ್ತಿದ್ದರು. ಈಗ ರಿವ್ಯೂ ಕೇಳಬೇಕೋ ಬೇಡವೋ ಅಂತ ಅವರೇ ಹೇಳುತ್ತಾರೆ. ಹೆಚ್ಚಾಗಿ ಸರಿಯಿರುತ್ತದೆ.

ಚಿಕ್ಕ ಮಕ್ಕಳನ್ನು ಏನು ಮಾಡೋದು?

ಬೇಸಿಗೆ ರಜೆ, ಮಲಗುವುದಿಲ್ಲ. ಬೌಂಡರಿ ಎಣಿಸುವ ಕೆಲಸ ಕೊಡಿ, ಒಂದಕ್ಕೆ ಒಂದು ಶೇಂಗಾ ಬೀಜ ಬಟ್ಟಲಿಗೆ. ಒಳಕೋಣೆಯಲ್ಲಿ ಹಾಸಿಗೆ ಹಾಸಿಡಿ.

ಸುಮ್ನೆ ಮೋಜಿಗೆ ಬಾಜಿ ಕಟ್ಟಬಹುದಾ?

ಹಣದ್ದು ಬೇಡ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ. ಮನೆಯಲ್ಲಿ ನೂರು ರೂಪಾಯಿ ಅಂತ ಶುರುವಾದದ್ದೂ ನೆಂಟಸ್ತಿಕೆ ಕೆಡಿಸಿದ್ದನ್ನು ನೋಡಿದ್ದೇನೆ. ಒಂದು ಪಾನು, ಒಂದು ಲೋಟ ಕಬ್ಬಿನ ಹಾಲು, ಅಷ್ಟಕ್ಕೇ ನಿಲ್ಲಿಸಿ.

ಗೆದ್ದರೆ ಪಟಾಕಿ, ಡಿಜೆ?

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಮ್ಯಾಚ್ ಮುಗಿಯುವುದೇ 10ರ ನಂತರ. ಬಾಯಿಂದ ಎಷ್ಟು ಬೇಕಾದರೂ ಕೂಗಿ, ಐದು ನಿಮಿಷ. ಹುಡುಗರು ಬೈಕ್ ಹತ್ತಿ ಸರ್ಕಲ್ಲಿಗೆ ಹೋಗುತ್ತೇವೆ ಅಂದರೆ ನಾನು ಕೀಲಿ ಕೊಡುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗಿನ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಹಿಂದಿನ ರಾತ್ರಿ ನಮ್ಮ ಹಾಗೇ ಕುಣಿದವರು ಅವರು.

ಐಪಿಎಲ್ ಮುಗಿದ ಮೇಲೆ?

ಕರ್ನಾಟಕದ್ದೇ ಟಿ20 ಟೂರ್ನಿ ಮಹಾರಾಜ ಟ್ರೋಫಿ ಇದೆ. ನಮ್ಮ ಹೆಸರಿನ ಗುಲ್ಬರ್ಗ ಮಿಸ್ಟಿಕ್ಸ್ 2022ರಲ್ಲಿ ಮನೀಶ್ ಪಾಂಡೆ ನಾಯಕತ್ವದಲ್ಲಿ ಕಪ್ ಗೆದ್ದಿತು. ಆ ಫೈನಲ್ಲಿಗೆ ನಮ್ಮ ಮನೆಗೆ ಬಂದದ್ದು ಐದೇ ಮಂದಿ. ನಮ್ಮದೇ ತಂಡ ಕಪ್ ಎತ್ತುವಾಗ ಜಮಖಾನ ಖಾಲಿ ಹೊಡೆಯುತ್ತಿತ್ತು ಅಂತ ನನಗೆ ಈಗಲೂ ಸಿಟ್ಟಿದೆ. ಆಗ ಮಳೆಗಾಲ, ಸೆಕೆಯೂ ಕಮ್ಮಿ. ಕರೆಯಿರಿ ಮಂದಿಯನ್ನು.

ಬಂದವರು ತಿನ್ನೋಕೆ ಏನಾದರೂ ತರಲಾ ಅಂತ ಕೇಳಿದರೆ?

"ತರ್ರಿ" ಅನ್ನಿ. "ಏನೂ ಬ್ಯಾಡ್ರಿ" ಅನ್ನುವ ಚಟ ಬಿಡಿ. ಒಬ್ಬರು ಚೂಡಾ, ಒಬ್ಬರು ಕಲ್ಲಂಗಡಿ, ಒಬ್ಬರು ಮಜ್ಜಿಗೆ ತಂದರೆ ನಿಮ್ಮ ಒಲೆ ಎರಡು ತಾಸು ಕಮ್ಮಿ ಉರಿಯುತ್ತದೆ. ಡಬ್ಬಿಗಳ ಮೇಲೆ ಹೆಸರು ಬರೆಸಿ. ಹೋದ ಸಲದ ಎರಡು ಸ್ಟೀಲ್ ಡಬ್ಬಿ ನಮ್ಮ ಮನೆಯಲ್ಲೇ ಉಳಿದಿವೆ. ಯಾರದು ಅಂತ ಯಾರೂ ಹೇಳುತ್ತಿಲ್ಲ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅವ್ವ ಅವುಗಳಲ್ಲಿ ಶೇಂಗಾ ಹಿಂಡಿ ತುಂಬಿ ಕಾಯುತ್ತಿದ್ದಾಳೆ.